ನ್ಯಾಯಮೂರ್ತಿ ಲೂಯಿಸ್ ಬ್ರಾಂಡೈಸ್

ಜನರ ಕಷ್ಟವನ್ನು ನಿವಾರಿಸಲೆಂದು ಶಾಸನಸಭೆ ರಚಿಸಿದ ಕಾನೂನನ್ನು ಕೆಲವೇ ಮಂದಿ ನ್ಯಾಯಾಧೀಶರು ತಳ್ಳಿಹಾಕಬಹುದೇ? ಅಮೆರಿಕೆಯಲ್ಲಿ ಈ ವಾದ ಶತಮಾನಕ್ಕೂ ಮಿಕ್ಕಿ ನಡೆದುಬಂದಿದೆ, ಇಂದಿಗೂ ಮುಗಿದಿಲ್ಲ. ಅದರ ಮರ್ಮವನ್ನು ಅರಿಯಬಯಸುವ ವಿದ್ಯಾರ್ಥಿಗೆ, ಸಂವಿಧಾನದ ಭಾಷ್ಯಗಳಿಗಿಂತ ಮೊದಲು ಲೂಯಿಸ್ ಡೆಂಬಿಟ್ಸ್ ಬ್ರಾಂಡೈಸರ ಬಾಳನ್ನು ಓದಬೇಕೆಂದು ನಾನು ಹೇಳುವೆನು.

ಬ್ರಾಂಡೈಸ್ ಹುಟ್ಟಿದ್ದು 1856ರಲ್ಲಿ, ಕೆಂಟಕಿ ರಾಜ್ಯದ ಲೂಯಿವಿಲ್ ನಗರದಲ್ಲಿ. 1848ರ ಕ್ರಾಂತಿ ವಿಫಲವಾದ ಮೇಲೆ ಬೊಹೀಮಿಯಾದಿಂದ ವಲಸೆ ಬಂದ ಯಹೂದಿ ಮನೆತನ ಅವರದು. ಸೋದರಮಾವನಾದ ಡೆಂಬಿಟ್ಸ್ ವಕೀಲರು, ಗುಲಾಮಗಿರಿಯ ಕಡು ವಿರೋಧಿ. ಆತನಲ್ಲಿದ್ದ ಗೌರವದಿಂದ ಹುಡುಗ ತನ್ನ ನಡುಹೆಸರನ್ನೇ ಬದಲಿಸಿಕೊಂಡ. ಹಾರ್ವರ್ಡಿನ ನ್ಯಾಯಶಾಲೆಯಲ್ಲಿ ಓದುವಾಗ ಕಣ್ಣು ಸೋತಿತು; ಸಹಪಾಠಿಗಳು ಪಾಠಗಳನ್ನು ಗಟ್ಟಿಯಾಗಿ ಓದಿ ಹೇಳಿದರು. ಹೀಗೆ ಕೇಳಿ ಕಲಿತವರು 20ನೆಯ ವಯಸ್ಸಿನಲ್ಲಿ ಅತ್ಯುನ್ನತ ಅಂಕಗಳೊಡನೆ ತೇರ್ಗಡೆಯಾದರು.

ಬಾಸ್ಟನ್ನಿನಲ್ಲಿ ಗೆಳೆಯ ಸ್ಯಾಮ್ಯುಅಲ್ ವಾರನ್ನನ ಜೊತೆ ವಕೀಲಿ ಆರಂಭಿಸಿದ ಬ್ರಾಂಡೈಸರಿಗೆ ಹಣ ಬಹುಬೇಗ ಕೂಡಿಬಂತು. ಆದರೆ ಸಾರ್ವಜನಿಕ ಹಿತದ ಮೊಕದ್ದಮೆಗಳಿಗೆ ಅವರು ಶುಲ್ಕ ಪಡೆಯಲಿಲ್ಲ. ಅವುಗಳಲ್ಲಿ ಕಳೆದ ಕಾಲಕ್ಕಾಗಿ ತಮ್ಮ ಸಂಸ್ಥೆಗೆ ತಾವೇ ಹಣ ತುಂಬಿಕೊಟ್ಟದ್ದೂ ಉಂಟು. 1890ರಲ್ಲಿ ಈ ಇಬ್ಬರು ಮಿತ್ರರು ಹಾರ್ವರ್ಡಿನ ಕಾನೂನು ಪತ್ರಿಕೆಯಲ್ಲಿ ಖಾಸಗಿತನದ ಹಕ್ಕನ್ನು ಕುರಿತು ಒಂದು ಲೇಖನ ಬರೆದರು. ಛಾಯಾಚಿತ್ರ ಯಂತ್ರವೂ ಪತ್ರಿಕೆಗಳೂ ಮನೆಯೊಳಗಿನ ಬದುಕನ್ನು ಬೀದಿಗೆ ತರುತ್ತಿರುವಾಗ ಕಾನೂನು ಸುಮ್ಮನಿರಲಾಗದೆಂಬುದು ಅದರ ತಿರುಳು.

1905ರಲ್ಲಿ ಸುಪ್ರೀಂ ಕೋರ್ಟು, ರೊಟ್ಟಿ ಸುಡುವ ಕೆಲಸಗಾರರ ದುಡಿಮೆಯನ್ನು ದಿನಕ್ಕೆ 10 ಗಂಟೆಗೆ ಮಿತಗೊಳಿಸಿದ್ದ ನ್ಯೂಯಾರ್ಕಿನ ಶಾಸನವನ್ನು ರದ್ದುಮಾಡಿತು. ಕರಾರು ಮಾಡಿಕೊಳ್ಳುವ ಸ್ವಾತಂತ್ರ್ಯಕ್ಕೆ ಅದು ಭಂಗವೆಂಬುದು ಕೋರ್ಟಿನ ಕಾರಣ. ಹಸಿದವನಿಗೂ ಧಣಿಗೂ ನಡುವೆ ಕರಾರಿನ ಸ್ವಾತಂತ್ರ್ಯ ಎಷ್ಟರಮಟ್ಟಿನದು ಎಂದು ಅದು ಕೇಳಲಿಲ್ಲ. ಮೂರು ವರ್ಷಗಳ ಬಳಿಕ, ಹೆಂಗಸರಿಗೆ ಅಂಥದೇ ಮಿತಿ ವಿಧಿಸಿದ ಆರೆಗಾನ್ ಶಾಸನ ವಿಚಾರಣೆಗೆ ಬಂತು. ಅದರ ಪರವಾಗಿ ಬ್ರಾಂಡೈಸ್ ಸಲ್ಲಿಸಿದ ವಾದಪತ್ರ 113 ಪುಟಗಳದು. ಅದರಲ್ಲಿ ಕಾನೂನಿನ ವಾದ ಎರಡೇ ಪುಟ. ಉಳಿದುದೆಲ್ಲ ಕಾರ್ಖಾನೆಯ ತನಿಖಾಧಿಕಾರಿಗಳ, ವೈದ್ಯರ, ನಾನಾ ದೇಶಗಳ ವರದಿಗಳು. ಇವನ್ನು ಕಲೆಹಾಕುವುದರಲ್ಲಿ ಶ್ರಮಿಸಿದವರು ಅವರ ನಾದಿನಿ ಜೋಸೆಫೀನ್ ಗೋಲ್ಡ್‌ಮಾರ್ಕ್. ಕೋರ್ಟು ಒಮ್ಮತದಿಂದ ಶಾಸನವನ್ನು ಎತ್ತಿಹಿಡಿಯಿತು. ಹೆಣ್ಣು ಅಬಲೆಯೆಂಬ ಆ ವಾದವೇ ಮುಂದೆ ಹೆಂಗಸರನ್ನು ಹಲವು ಉದ್ಯೋಗಗಳಿಂದ ದೂರವಿಡಲು ನೆಪವಾಯಿತೆಂಬುದನ್ನೂ ಹೇಳಬೇಕು. ಆದರೂ ನ್ಯಾಯಪೀಠದ ಮುಂದೆ ಬದುಕಿನ ಸಂಗತಿಗಳನ್ನೇ ಸಾಕ್ಷಿಯಾಗಿ ಇಡುವ ಪದ್ಧತಿ ಅಂದಿನಿಂದ ಬೇರೂರಿತು.

1916ರಲ್ಲಿ ಅಧ್ಯಕ್ಷ ವಿಲ್ಸನ್ ಅವರನ್ನು ಸುಪ್ರೀಂ ಕೋರ್ಟಿಗೆ ಹೆಸರಿಸಿದಾಗ ಎದ್ದ ಕೋಲಾಹಲ ನಾಲ್ಕು ತಿಂಗಳು ಅಡಗಲಿಲ್ಲ. ಶ್ರೀಮಂತ ಕಂಪೆನಿಗಳ ಹಗೆಯೊಡನೆ ಯಹೂದಿ ದ್ವೇಷವೂ ಬೆರೆತಿತ್ತು. ಮಾಜಿ ಅಧ್ಯಕ್ಷ ಟಾಫ್ಟ್ ಬಹಿರಂಗವಾಗಿ ವಿರೋಧಿಸಿದರು. ಕೊನೆಗೆ ಸೆನೆಟ್ ಸಭೆ 47–22 ಮತಗಳಿಂದ ಒಪ್ಪಿತು. ಆ ಪೀಠವೇರಿದ ಮೊದಲ ಯಹೂದಿ ಅವರು.

ಆ ಟಾಫ್ಟರೇ ಮುಂದೆ ಮುಖ್ಯ ನ್ಯಾಯಮೂರ್ತಿಯಾದರು. 1928ರಲ್ಲಿ ಸಿಯಾಟಲ್ಲಿನ ಓಮ್‌ಸ್ಟೆಡ್ ಎಂಬ ಕಳ್ಳಮದ್ಯದ ವ್ಯಾಪಾರಿಯ ಮೊಕದ್ದಮೆ ಬಂತು. ಸರ್ಕಾರದ ಅಧಿಕಾರಿಗಳು ಅವನ ದೂರವಾಣಿಯ ತಂತಿಗೆ ಹೊರಗಿನಿಂದ ತಂತಿ ಜೋಡಿಸಿ ತಿಂಗಳುಗಟ್ಟಲೆ ಮಾತುಗಳನ್ನು ಆಲಿಸಿದ್ದರು. ಯಾರೂ ಮನೆಯೊಳಕ್ಕೆ ಕಾಲಿಡದಿದ್ದುದರಿಂದ ಇದು ಶೋಧನೆಯೇ ಅಲ್ಲವೆಂದು ಟಾಫ್ಟ್ ಬರೆದ ತೀರ್ಪಿಗೆ ಐವರ ಬೆಂಬಲ, ವಿರೋಧಿಸಿದವರು ನಾಲ್ವರು. ಬ್ರಾಂಡೈಸರ ಭಿನ್ನಮತ ಎರಡು ನೆಲೆಗಳಲ್ಲಿ ನಿಂತಿತು. ಯಂತ್ರಗಳು ಬದಲಾದಂತೆ ಸಂವಿಧಾನದ ರಕ್ಷಣೆಯೂ ಬೆಳೆಯಬೇಕೆಂಬುದು ಒಂದು. ಅಪರಾಧಿಯನ್ನು ಹಿಡಿಯಲು ಸರ್ಕಾರವೇ ಕಾನೂನು ಮುರಿದರೆ ಪ್ರಜೆಗಳೂ ಅದನ್ನೇ ಕಲಿಯುವರೆಂಬುದು ಇನ್ನೊಂದು. ರಕ್ಷಣೆ ಬೇಡಿದವನು ಸಜ್ಜನನಲ್ಲವೆಂಬುದು ಅವರಿಗೆ ತಿಳಿದೇ ಇತ್ತು. ಹಕ್ಕಿನ ಪರೀಕ್ಷೆ ನಡೆಯುವುದು ಅಂಥವನ ಪ್ರಕರಣದಲ್ಲಿಯೇ ಎಂದು ನನಗೆ ತೋರುತ್ತದೆ.

ಇಷ್ಟು ಎಚ್ಚರದ ಮನಸ್ಸೂ ಒಮ್ಮೆ ಮಂಕಾಯಿತು. ಹಿಂದಿನ ವರ್ಷವಷ್ಟೇ, ಬುದ್ಧಿಮಾಂದ್ಯಳೆಂದು ಹಣೆಪಟ್ಟಿ ಹಚ್ಚಿಸಿಕೊಂಡ ಕ್ಯಾರಿ ಬಕ್ ಎಂಬ ತರುಣಿಗೆ ಬಲಾತ್ಕಾರವಾಗಿ ಸಂತಾನಹರಣ ಚಿಕಿತ್ಸೆ ಮಾಡಿಸಲು ವರ್ಜೀನಿಯಾ ರಾಜ್ಯಕ್ಕೆ ಕೋರ್ಟು ಅನುಮತಿ ನೀಡಿತ್ತು. ಆ ಬಹುಮತದಲ್ಲಿ ಬ್ರಾಂಡೈಸರೂ ಇದ್ದರು. ಸಂಗತಿಗಳನ್ನು ಶೋಧಿಸಿ ನೋಡುವುದೇ ಅವರ ಹಿರಿಮೆ. ಅಂದು ವಿಜ್ಞಾನದ ವೇಷದಲ್ಲಿ ಬಂದ ಸುಳ್ಳನ್ನು ಅವರು ಶೋಧಿಸಲಿಲ್ಲ. ಅವರ ಚರಿತ್ರೆಯನ್ನು ಬೋಧಿಸುವ ಉಪಾಧ್ಯಾಯರು ಈ ಅಧ್ಯಾಯವನ್ನು ಬಿಡಬಾರದು.

1939ರಲ್ಲಿ ಅವರು ನಿವೃತ್ತರಾದರು, 1941ರಲ್ಲಿ ತೀರಿಕೊಂಡರು. 1967ರಲ್ಲಿ ಕೋರ್ಟು ಓಮ್‌ಸ್ಟೆಡ್ ತೀರ್ಪನ್ನು ಕೈಬಿಟ್ಟಿತು. 2018ರಲ್ಲಿ, ವ್ಯಕ್ತಿಯ ಮೊಬೈಲ್ ಫೋನ್ ಎಲ್ಲೆಲ್ಲಿ ಓಡಾಡಿತೆಂಬ ಹಳೆಯ ದಾಖಲೆ ಪಡೆಯಲು ಪೊಲೀಸರಿಗೆ ಸಾಮಾನ್ಯವಾಗಿ ವಾರಂಟ್ ಬೇಕೆಂದು ತೀರ್ಮಾನಿಸಿತು; ಆಗಲೂ ಮತಗಳು ಐದು–ನಾಲ್ಕು.

ಈ ಚಿಂತನೆ ನಮ್ಮ ನಾಡಿನವರೊಬ್ಬರ ಮೂಲಕ ಭಾರತದ ನ್ಯಾಯಪೀಠದಲ್ಲಿಯೂ ಚರ್ಚೆಗೆ ಬಂತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಸಲ್ಲಿಸಿದರು. ಆ ಪ್ರಕರಣದಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಬಾಸ್ಟನ್ನಿನ ಆ ಇಬ್ಬರು ವಕೀಲರ 1890ರ ಲೇಖನವನ್ನು ಆ ತೀರ್ಪು ಹೆಸರಿಸಿ ಚರ್ಚಿಸಿದೆ.