ಪ್ಯಾಟ್ರಿಕ್ ಗೆಡ್ಡೆಸ್

ಸರ್ ಪ್ಯಾಟ್ರಿಕ್ ಗೆಡ್ಡೆಸ್ (ಅಕ್ಟೋಬರ್ 2, 1854 – ಏಪ್ರಿಲ್ 17, 1932) ಸ್ಕಾಟ್ಲೆಂಡಿನ ಜೀವವಿಜ್ಞಾನಿ, ಸಮಾಜಶಾಸ್ತ್ರಜ್ಞ, ಶಿಕ್ಷಣ ಚಿಂತಕ ಹಾಗೂ ನಗರ ಯೋಜನಾ ತಜ್ಞ. ಆಧುನಿಕ ನಗರ ಯೋಜನಾಶಾಸ್ತ್ರದ ಪ್ರವರ್ತಕರಲ್ಲಿ ಇವರೂ ಒಬ್ಬರು. ಕಿಕ್ಕಿರಿದ ಹಳೆಯ ಕೇರಿಗಳನ್ನು ಕೆಡವಿ ಅಗಲವಾದ ನೇರ ರಸ್ತೆಗಳನ್ನು ನಿರ್ಮಿಸುವುದೇ ನಗರ ಸುಧಾರಣೆ ಎಂದು ನಂಬಲಾಗಿದ್ದ ಕಾಲದಲ್ಲಿ, ಅಲ್ಲಿ ನೆಲೆಸಿದ ಜನರನ್ನು ಒಕ್ಕಲೆಬ್ಬಿಸದೆಯೇ ಊರನ್ನು ವಾಸಯೋಗ್ಯವಾಗಿ ಮಾಡಬಹುದೆಂದು ಇವರು ಪ್ರತಿಪಾದಿಸಿದರು. 1914ರಿಂದ 1924ರವರೆಗಿನ ಅವಧಿಯ ಬಹುಭಾಗವನ್ನು ಭಾರತದಲ್ಲಿ ಕಳೆದ ಗೆಡ್ಡೆಸ್, ಇಲ್ಲಿನ ಹಲವಾರು ಪಟ್ಟಣಗಳ ಬಗ್ಗೆ ವರದಿಗಳನ್ನು ಸಿದ್ಧಪಡಿಸಿದರು. ಮುಂಬಯಿ ವಿಶ್ವವಿದ್ಯಾಲಯದ ಸಮಾಜಶಾಸ್ತ್ರ ವಿಭಾಗದ ಮೊದಲ ಪ್ರಾಧ್ಯಾಪಕರೂ ಇವರೇ.

ಜನನ ಮತ್ತು ವಿದ್ಯಾಭ್ಯಾಸ

ಗೆಡ್ಡೆಸ್ ಅವರು ಸ್ಕಾಟ್ಲೆಂಡಿನ ಅಬರ್ಡೀನ್‌ಶೈರ್ ಪ್ರಾಂತದ ಬ್ಯಾಲಟರ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಅಲೆಕ್ಸಾಂಡರ್ ಗೆಡ್ಡೆಸ್ ಸೈನ್ಯದಲ್ಲಿದ್ದವರು. ಬಾಲ್ಯವನ್ನು ಪರ್ತ್ ಪಟ್ಟಣದ ಸಮೀಪದ ಬೆಟ್ಟದ ಮೇಲಿನ ಮನೆಯಲ್ಲಿ ಕಳೆದರು. ಪರ್ತ್ ಅಕಾಡೆಮಿಯಲ್ಲಿ ವ್ಯಾಸಂಗ ಮುಗಿಸಿ, ಸ್ವಲ್ಪ ಕಾಲ ಬ್ಯಾಂಕೊಂದರಲ್ಲಿ ಕೆಲಸ ಮಾಡಿದರು. ಆದರೆ ಅವರ ಆಸಕ್ತಿ ಪ್ರಕೃತಿ ವಿಜ್ಞಾನದಲ್ಲಿತ್ತು. ಎಡಿನ್‌ಬರೋ ವಿಶ್ವವಿದ್ಯಾಲಯದ ತರಗತಿಗಳು ಹಿಡಿಸದೆ, ಸೇರಿದ ಒಂದೇ ವಾರಕ್ಕೆ ಅದನ್ನು ಬಿಟ್ಟು ಲಂಡನ್ನಿಗೆ ತೆರಳಿದರು. ಅಲ್ಲಿ ಡಾರ್ವಿನ್ನರ ಸಮರ್ಥಕರೆಂದು ಹೆಸರಾಗಿದ್ದ ಥಾಮಸ್ ಹೆನ್ರಿ ಹಕ್ಸ್‌ಲಿ ಅವರ ಬಳಿ ಜೀವವಿಜ್ಞಾನವನ್ನು ಅಭ್ಯಾಸ ಮಾಡಿದರು.

1878ರಲ್ಲಿ ಫ್ರಾನ್ಸಿಗೆ ಹೋದಾಗ ಫ್ರೆಡೆರಿಕ್ ಲೆ ಪ್ಲೇ ಅವರ ಸಾಮಾಜಿಕ ಚಿಂತನೆಯ ಪರಿಚಯವಾಯಿತು. ಸ್ಥಳ, ವೃತ್ತಿ ಮತ್ತು ಕುಟುಂಬ ಇವು ಮೂರನ್ನು ಒಟ್ಟಾಗಿ ಅಧ್ಯಯನ ಮಾಡಿದರೆ ಮಾತ್ರ ಸಮಾಜ ಅರ್ಥವಾಗುತ್ತದೆ ಎಂಬುದು ಲೆ ಪ್ಲೇ ಅವರ ವಿಚಾರ. ಇದನ್ನೇ ಗೆಡ್ಡೆಸ್ ಸ್ಥಳ, ಕಾಯಕ ಮತ್ತು ಜನ ಎಂಬ ತಮ್ಮ ಸೂತ್ರವಾಗಿ ರೂಪಿಸಿಕೊಂಡರು. ಮರುವರ್ಷ ಸಂಶೋಧನೆಗಾಗಿ ಮೆಕ್ಸಿಕೋಗೆ ಹೋಗಿದ್ದಾಗ ಅನಾರೋಗ್ಯದಿಂದ ಕೆಲಕಾಲ ದೃಷ್ಟಿ ಕಳೆದುಕೊಂಡು ಕತ್ತಲೆಯ ಕೋಣೆಯಲ್ಲಿ ಇರಬೇಕಾಯಿತು. ದೃಷ್ಟಿ ಮರಳಿತಾದರೂ ಸೂಕ್ಷ್ಮದರ್ಶಕದ ಕೆಲಸವನ್ನು ಹೆಚ್ಚಾಗಿ ಮಾಡುವುದು ಸಾಧ್ಯವಾಗಲಿಲ್ಲ. ಜೀವಿ ಮತ್ತು ಅದರ ಪರಿಸರದ ಸಂಬಂಧವನ್ನು ಅಭ್ಯಸಿಸುತ್ತಿದ್ದವರು ಕ್ರಮೇಣ ಮನುಷ್ಯ ಮತ್ತು ಅವನ ಊರಿನ ಸಂಬಂಧದತ್ತ ಗಮನ ಹರಿಸಿದರು.

ಎಡಿನ್‌ಬರೋ ನಗರದ ಪ್ರಯೋಗ

ಎಡಿನ್‌ಬರೋ ನಗರದಲ್ಲಿ ಹಳೆಯ ಪಟ್ಟಣ ಮತ್ತು ಹೊಸ ಪಟ್ಟಣ ಎಂಬ ಎರಡು ಭಾಗಗಳಿವೆ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಿಂದ ಸ್ಥಿತಿವಂತರು ಹೊಸ ಪಟ್ಟಣಕ್ಕೆ ಸ್ಥಳಾಂತರಗೊಂಡರು. ಅವರು ಬಿಟ್ಟುಹೋದ ಹಲವು ಮಹಡಿಗಳ ಕಲ್ಲಿನ ಕಟ್ಟಡಗಳಲ್ಲಿ ಬಡ ಕುಟುಂಬಗಳು ಒತ್ತೊತ್ತಾಗಿ ವಾಸಿಸತೊಡಗಿದವು. ಗಾಳಿ ಬೆಳಕಿಲ್ಲದ ಕೋಣೆಗಳು ಮತ್ತು ಕೊಳಕು ತುಂಬಿದ ಅಂಗಳಗಳು ರೋಗಗಳ ನೆಲೆಯಾಗಿದ್ದವು.

1886ರಲ್ಲಿ ಗೆಡ್ಡೆಸ್ ಅವರು ಲಿವರ್‌ಪೂಲ್‌ನ ವರ್ತಕರೊಬ್ಬರ ಮಗಳಾದ ಅನ್ನಾ ಮಾರ್ಟನ್ ಅವರನ್ನು ವಿವಾಹವಾದರು. ದಂಪತಿಗಳು ಅನುಕೂಲಸ್ಥರ ಬಡಾವಣೆಯನ್ನು ಬಿಟ್ಟು ಹಳೆಯ ಪಟ್ಟಣದ ಜೇಮ್ಸ್ ಕೋರ್ಟ್ ಎಂಬಲ್ಲಿ ಮನೆ ಮಾಡಿದರು. ನೆರೆಹೊರೆಯವರನ್ನು ಸೇರಿಸಿಕೊಂಡು ಅಂಗಳಗಳನ್ನು ಶುಚಿಗೊಳಿಸಿದರು, ಗೋಡೆಗಳಿಗೆ ಸುಣ್ಣ ಬಳಿದರು, ಕಿಟಕಿಗಳಲ್ಲಿ ಹೂವಿನ ಗಿಡಗಳನ್ನು ಬೆಳೆಸಿದರು. ತೀರ ಶಿಥಿಲವಾದ ಕಟ್ಟಡಗಳನ್ನಷ್ಟೇ ತೆಗೆದು, ಉಳಿದವನ್ನು ದುರಸ್ತಿ ಮಾಡುವುದು ಅವರ ಕ್ರಮವಾಗಿತ್ತು. ತೆರವಾದ ಜಾಗಗಳು ಕೈತೋಟಗಳಾದವು. 1887ರಲ್ಲಿ ವಿದ್ಯಾರ್ಥಿಗಳೇ ಆಡಳಿತ ನಡೆಸುವ ವಿದ್ಯಾರ್ಥಿನಿಲಯವನ್ನು ಆರಂಭಿಸಿದರು. 1890ರ ದಶಕದಲ್ಲಿ ಕೋಟೆಯ ಸಮೀಪದಲ್ಲಿ ರಾಮ್ಸೆ ಗಾರ್ಡನ್ ಎಂಬ ವಸತಿ ಸಮುಚ್ಚಯ ನಿರ್ಮಾಣವಾಯಿತು. ಆದರೆ ಇದರಲ್ಲಿ ನೆಲೆಸಿದವರು ಹೆಚ್ಚಾಗಿ ಅಧ್ಯಾಪಕರು ಮತ್ತು ಮಧ್ಯಮ ವರ್ಗದವರು. ಬಡವರ ಕೇರಿ ಸುಧಾರಿಸಿದಾಗ ಅದರ ಫಲ ಬಡವರಿಗೇ ದೊರೆಯುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆ ಅಲ್ಲಿಂದಲೇ ಆರಂಭವಾಯಿತು.

ಔಟ್‌ಲುಕ್ ಟವರ್

1892ರಲ್ಲಿ ಗೆಡ್ಡೆಸ್ ಎಡಿನ್‌ಬರೋ ಕೋಟೆಯ ಬಳಿಯ ಹಳೆಯ ಗೋಪುರವೊಂದನ್ನು ಪಡೆದು, ಅದಕ್ಕೆ ಔಟ್‌ಲುಕ್ ಟವರ್ ಎಂದು ಹೆಸರಿಟ್ಟು ವಸ್ತುಸಂಗ್ರಹಾಲಯವನ್ನಾಗಿ ಪರಿವರ್ತಿಸಿದರು. ಅದರ ತುದಿಯಲ್ಲಿದ್ದ ಕ್ಯಾಮೆರಾ ಅಬ್ಸ್ಕ್ಯೂರಾ ಯಂತ್ರದ ಮೂಲಕ ಸುತ್ತಲಿನ ನಗರದ ಸಜೀವ ಚಿತ್ರ ಮೇಜಿನ ಮೇಲೆ ಮೂಡುತ್ತಿತ್ತು. ಕೆಳಗಿನ ಮಹಡಿಗಳು ಕ್ರಮವಾಗಿ ಎಡಿನ್‌ಬರೋ ನಗರ, ಸ್ಕಾಟ್ಲೆಂಡ್, ಇಂಗ್ಲಿಷ್ ಭಾಷೆಯ ದೇಶಗಳು, ಯೂರೋಪ್ ಹಾಗೂ ಜಗತ್ತಿಗೆ ಮೀಸಲಾಗಿದ್ದವು. ತನ್ನ ಊರನ್ನು ಕಣ್ಣಾರೆ ನೋಡಿ ತಿಳಿದವನು ಮಾತ್ರ ಜಗತ್ತನ್ನು ಅರಿಯಬಲ್ಲನು ಎಂಬುದು ಈ ವ್ಯವಸ್ಥೆಯ ಹಿಂದಿನ ಆಶಯ.

1888ರಿಂದ 1919ರವರೆಗೆ ಗೆಡ್ಡೆಸ್ ಡಂಡೀ ನಗರದ ಯೂನಿವರ್ಸಿಟಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. ವರ್ಷದಲ್ಲಿ ಬೇಸಿಗೆಯ ಅವಧಿಯಲ್ಲಿ ಮಾತ್ರ ಪಾಠ ಮಾಡಬೇಕಾಗಿದ್ದುದರಿಂದ ಉಳಿದ ಸಮಯ ಇತರ ಕಾರ್ಯಗಳಿಗೆ ದೊರೆಯುತ್ತಿತ್ತು.

ನಗರ ಯೋಜನೆಯ ತತ್ತ್ವಗಳು

ವೈದ್ಯನು ರೋಗಿಯನ್ನು ಪರೀಕ್ಷಿಸದೆ ಔಷಧ ಕೊಡಬಾರದು. ಹಾಗೆಯೇ ಊರನ್ನು ಸಮೀಕ್ಷೆ ಮಾಡದೆ ಯೋಜನೆ ತಯಾರಿಸಬಾರದು ಎಂಬುದು ಗೆಡ್ಡೆಸ್ ಅವರ ಮೂಲ ತತ್ತ್ವ. ಸಮೀಕ್ಷೆಯೆಂದರೆ ಕೇವಲ ಭೂಮಾಪನವಲ್ಲ. ಊರಿನ ಚರಿತ್ರೆ, ಜನರ ಕಸುಬು, ಕೆರೆ ಬಾವಿಗಳು, ದೇವಾಲಯಗಳು, ಜಾತ್ರೆಗಳು, ಜನರು ನಡೆದಾಡುವ ದಾರಿಗಳು ಎಲ್ಲವೂ ಅದರಲ್ಲಿ ಸೇರಬೇಕು.

ಅವರ ಎರಡನೆಯ ತತ್ತ್ವಕ್ಕೆ ಕನ್ಸರ್ವೇಟಿವ್ ಸರ್ಜರಿ ಎಂಬ ಹೆಸರಿದೆ. ಅಂಗವನ್ನು ಕತ್ತರಿಸಿ ತೆಗೆಯದೆ ಉಳಿಸಿಕೊಳ್ಳುವ ಶಸ್ತ್ರಚಿಕಿತ್ಸೆಯಿಂದ ಈ ಹೆಸರು ಬಂದಿದೆ. ಕೇರಿಯ ಮಧ್ಯದಲ್ಲಿ ದೊಡ್ಡ ರಸ್ತೆಯನ್ನು ಕೊರೆಯುವ ಬದಲು ಪಾಳುಬಿದ್ದ ಕೆಲವು ಮನೆಗಳನ್ನು ಮಾತ್ರ ತೆಗೆಯುವುದು, ಅಲ್ಲಲ್ಲಿ ಇರುವ ಖಾಲಿ ನಿವೇಶನಗಳನ್ನು ಕೂಡಿಸಿ ಚಿಕ್ಕ ಬಯಲುಗಳನ್ನು ಮಾಡುವುದು, ಅವುಗಳಲ್ಲಿ ಮರ ನೆಡುವುದು ಮತ್ತು ಓಣಿಗಳನ್ನು ಅಗತ್ಯವಿದ್ದಷ್ಟೇ ಅಗಲಗೊಳಿಸುವುದು ಇದರ ವಿಧಾನ. ನೂರಾರು ಮನೆಗಳನ್ನು ಕೆಡವಿದಾಗ ಅಲ್ಲಿನ ಜನರು ಮಾಯವಾಗುವುದಿಲ್ಲ, ಪಕ್ಕದ ಕೇರಿಗಳಲ್ಲಿ ತುಂಬಿಕೊಳ್ಳುತ್ತಾರೆ. ಅಲ್ಲಿ ಬಾಡಿಗೆ ಏರುತ್ತದೆ, ಇಕ್ಕಟ್ಟು ಹೆಚ್ಚುತ್ತದೆ, ರೋಗವೂ ಹಬ್ಬುತ್ತದೆ. ಆದ್ದರಿಂದ ಕೆಡವುವ ಸುಧಾರಣೆಯು ತಾನು ನಿವಾರಿಸಬೇಕಾದ ಕಷ್ಟವನ್ನೇ ಬೇರೆಡೆಗೆ ಸಾಗಿಸುತ್ತದೆ ಎಂದು ಅವರು ವಾದಿಸಿದರು.

ಈ ವಿಚಾರಗಳನ್ನು ಪ್ರಚಾರ ಮಾಡಲು ನಕ್ಷೆ ಮತ್ತು ಚಿತ್ರಗಳ ದೊಡ್ಡ ಸಂಚಾರಿ ಪ್ರದರ್ಶನವನ್ನು ಸಿದ್ಧಪಡಿಸಿದ್ದರು. 1913ರಲ್ಲಿ ಬೆಲ್ಜಿಯಂನ ಗೆಂಟ್ ನಗರದಲ್ಲಿ ಅದಕ್ಕೆ ಬಹುಮಾನ ದೊರೆಯಿತು. ಬೆಳೆಯುತ್ತ ಒಂದಕ್ಕೊಂದು ಕೂಡಿಕೊಂಡ ನಗರಗಳ ಸಮೂಹಕ್ಕೆ ಕಾನರ್ಬೇಷನ್ ಎಂಬ ಪದವನ್ನು ಬಳಕೆಗೆ ತಂದವರೂ ಗೆಡ್ಡೆಸ್. ಈ ಪದವು 1915ರಲ್ಲಿ ಪ್ರಕಟವಾದ ಅವರ ಸಿಟೀಸ್ ಇನ್ ಎವಲ್ಯೂಷನ್ ಗ್ರಂಥದಲ್ಲಿದೆ.

ಭಾರತದಲ್ಲಿ ಗೆಡ್ಡೆಸ್

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಬ್ಬಿದ ಪ್ಲೇಗ್ ಮಾರಿ ಭಾರತದ ನಗರಗಳ ಸ್ವರೂಪವನ್ನೇ ಬದಲಿಸಿತು. ಮುಂಬಯಿಯಲ್ಲಿ 1898ರಲ್ಲಿ ಸ್ಥಾಪನೆಯಾದ ನಗರ ಸುಧಾರಣಾ ಟ್ರಸ್ಟ್ ಹಳೆಯ ಕೇರಿಗಳಲ್ಲಿ ರಸ್ತೆಗಳನ್ನು ತೆರೆಯಿತು. ಬೆಂಗಳೂರಿನಲ್ಲಿ ಅದೇ ಕಾಲದಲ್ಲಿ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಇಂತಹ ಸಂದರ್ಭದಲ್ಲಿ ಮದರಾಸಿನ ಗವರ್ನರ್ ಲಾರ್ಡ್ ಪೆಂಟ್‌ಲೆಂಡ್ ಅವರ ಆಹ್ವಾನದ ಮೇರೆಗೆ ಗೆಡ್ಡೆಸ್ 1914ರಲ್ಲಿ ಭಾರತಕ್ಕೆ ಬಂದರು. ಅವರ ಪ್ರದರ್ಶನದ ಸಾಮಗ್ರಿಗಳನ್ನು ಹೊತ್ತು ಬರುತ್ತಿದ್ದ ಕ್ಲಾನ್ ಗ್ರಾಂಟ್ ಹಡಗನ್ನು ಜರ್ಮನಿಯ ಎಂಡೆನ್ ಯುದ್ಧನೌಕೆ ಮುಳುಗಿಸಿತು. ವರ್ಷಗಟ್ಟಲೆ ಸಂಗ್ರಹಿಸಿದ್ದ ನಕ್ಷೆಗಳೆಲ್ಲ ಸಮುದ್ರದ ಪಾಲಾದವು. ಸ್ನೇಹಿತರು ಬ್ರಿಟನ್ನಿನಲ್ಲಿ ಹೊಸದಾಗಿ ಸಾಮಗ್ರಿಗಳನ್ನು ಒಟ್ಟುಗೂಡಿಸಿ ಕಳುಹಿಸಿದ ಮೇಲೆ, 1915ರ ಆರಂಭದಲ್ಲಿ ಮದರಾಸಿನಲ್ಲಿ ಪ್ರದರ್ಶನ ನಡೆಯಿತು.

ಮುಂದಿನ ವರ್ಷಗಳಲ್ಲಿ ತಂಜಾವೂರು, ಮಧುರೈ, ಬರೋಡಾ, ಲಕ್ನೋ, ಲಾಹೋರ್, ಢಾಕಾ, ಕಪೂರ್ತಲಾ ಮುಂತಾದ ನಗರಗಳಿಗೆ ಭೇಟಿ ಕೊಟ್ಟು ವರದಿಗಳನ್ನು ಬರೆದರು. ತಂಜಾವೂರಿನಲ್ಲಿ ಕಿಕ್ಕಿರಿದ ಭಾಗವೊಂದರ ಮೂಲಕ ನೇರ ರಸ್ತೆಗಳನ್ನು ಹಾಯಿಸುವ ಯೋಜನೆ ಮೊದಲೇ ಸಿದ್ಧವಾಗಿತ್ತು. ಗೆಡ್ಡೆಸ್ ಓಣಿ ಓಣಿಗಳಲ್ಲಿ ನಡೆದು ನೋಡಿ, ಬಹುಪಾಲು ಮನೆಗಳನ್ನು ಉಳಿಸಿಕೊಂಡು, ಬಹಳ ಕಡಿಮೆ ವೆಚ್ಚದಲ್ಲಿ ಅದೇ ಪ್ರಯೋಜನ ಪಡೆಯುವ ಪರ್ಯಾಯವನ್ನು ಸೂಚಿಸಿದರು.

ಸೊಳ್ಳೆಗಳ ಭಯದಿಂದ ಊರಿನ ಕೆರೆಗಳನ್ನು ಮುಚ್ಚುವುದನ್ನು ಅವರು ವಿರೋಧಿಸಿದರು. ಕೆರೆಯು ಮಳೆನೀರನ್ನು ಹಿಡಿದು ಪ್ರವಾಹವನ್ನು ತಡೆಯುತ್ತದೆ, ಸುತ್ತಲಿನ ಗಾಳಿಯನ್ನು ತಂಪಾಗಿಡುತ್ತದೆ. ಮೀನು ಮತ್ತು ಬಾತುಕೋಳಿಗಳನ್ನು ಸಾಕಿದರೆ ಸೊಳ್ಳೆಯ ಮರಿಗಳು ನಾಶವಾಗುತ್ತವೆ ಎಂದು ಅವರು ವಿವರಿಸಿದರು. ಊರಿನ ಹೊಲಸನ್ನು ನದಿಗೆ ಹರಿಸುವ ಬದಲು ತೋಟಗಳಿಗೆ ಗೊಬ್ಬರವಾಗಿ ಬಳಸಬೇಕೆಂಬುದು ಅವರ ಇನ್ನೊಂದು ಸಲಹೆ. ಮುಂಬಯಿಯ ಬಹುಮಹಡಿ ಚಾಳುಗಳ ಬಗ್ಗೆಯೂ ಅವರಿಗೆ ಅಸಮಾಧಾನವಿತ್ತು. ಕಾರ್ಮಿಕರನ್ನು ಸರಕಿನಂತೆ ಜೋಡಿಸಿಡುವ ಉಗ್ರಾಣಗಳನ್ನು ಮನೆಗಳೆಂದು ಕರೆಯಲಾಗದು ಎಂಬುದು ಅವರ ನಿಲುವು.

ಇಂದೋರ್ ನಗರದ ದೀಪಾವಳಿ

ಭಾರತದಲ್ಲಿ ಗೆಡ್ಡೆಸ್ ಮಾಡಿದ ಅತಿ ವಿಸ್ತಾರವಾದ ಕೆಲಸ ಹೋಳ್ಕರರ ಇಂದೋರ್ ಸಂಸ್ಥಾನಕ್ಕೆ ಸಂಬಂಧಿಸಿದ್ದು. ಪ್ಲೇಗ್ ಮತ್ತು ಮಲೇರಿಯಾಗಳಿಂದ ನಗರ ತತ್ತರಿಸಿತ್ತು. ಕೈಯಲ್ಲಿ ನಕ್ಷೆ ಹಿಡಿದು ಬೀದಿ ಸುತ್ತುವ ವಿದೇಶಿಯನ್ನು ಕಂಡು ಜನರು ಮೊದಲು ಹೆದರಿದರು. ಅವರ ವಿಶ್ವಾಸ ಗಳಿಸಲು ಗೆಡ್ಡೆಸ್ ದೀಪಾವಳಿಯ ಸಮಯದಲ್ಲಿ ಭಾರಿ ಮೆರವಣಿಗೆಯೊಂದನ್ನು ಏರ್ಪಡಿಸಿದರು. ಯಾವ ಬೀದಿಯವರು ತಮ್ಮ ಮನೆಗಳನ್ನು ಚೆನ್ನಾಗಿ ಶುಚಿಗೊಳಿಸಿ ದುರಸ್ತಿ ಮಾಡಿಕೊಳ್ಳುವರೋ ಆ ಬೀದಿಗಳಲ್ಲಿಯೇ ಮೆರವಣಿಗೆ ಸಾಗುವುದೆಂದು ಸಾರಲಾಯಿತು. ಕಸವನ್ನು ಉಚಿತವಾಗಿ ಸಾಗಿಸುವ ವ್ಯವಸ್ಥೆ ಮಾಡಲಾಯಿತು. ಊರೆಲ್ಲ ಸುಣ್ಣ ಬಣ್ಣಗಳಲ್ಲಿ ತೊಡಗಿತು.

ಮೆರವಣಿಗೆಯಲ್ಲಿ ಕೊಳಕಿನ ರಾಕ್ಷಸ ಮತ್ತು ಪ್ಲೇಗಿನ ಇಲಿಯ ದೊಡ್ಡ ಪ್ರತಿಕೃತಿಗಳಿದ್ದವು. ಬಿಳಿಯ ಉಡುಪು ಧರಿಸಿ ಹೂಮಾಲೆ ಹಾಕಿಕೊಂಡ ಪೌರಕಾರ್ಮಿಕರು ತಮ್ಮ ಅಲಂಕೃತ ಗಾಡಿಗಳೊಂದಿಗೆ ಗೌರವದ ಸ್ಥಾನದಲ್ಲಿ ನಡೆದರು. ಪ್ರತಿಕೃತಿಗಳನ್ನು ಸುಡಲಾಯಿತು, ತುಳಸಿಯ ಸಸಿಗಳನ್ನು ಹಂಚಲಾಯಿತು. ಇಂದೋರ್ ದರ್ಬಾರಿಗೆ ಸಲ್ಲಿಸಿದ ಎರಡು ಸಂಪುಟಗಳ ವರದಿ 1918ರಲ್ಲಿ ಪ್ರಕಟವಾಯಿತು.

ಈ ಕೆಲಸದ ಹಿಂದೆ ಅಪಾರ ವೈಯಕ್ತಿಕ ದುಃಖವಿತ್ತು. 1917ರ ಏಪ್ರಿಲ್‌ನಲ್ಲಿ ಹಿರಿಯ ಮಗ ಅಲಸ್ಡೇರ್ ಫ್ರಾನ್ಸಿನ ಯುದ್ಧಭೂಮಿಯಲ್ಲಿ ಮಡಿದರು. ಆಗ ಭಾರತದಲ್ಲಿ ಕಾಯಿಲೆ ಬಿದ್ದಿದ್ದ ಅನ್ನಾ ಅವರಿಗೆ ಗೆಡ್ಡೆಸ್ ಈ ಸುದ್ದಿಯನ್ನು ತಿಳಿಸಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ಅನ್ನಾ ಲಕ್ನೋದಲ್ಲಿ ನಿಧನರಾದರು.

ಪ್ರಾಧ್ಯಾಪಕರಾಗಿ

1919ರಲ್ಲಿ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಪೌರವಿಜ್ಞಾನ ಮತ್ತು ಸಮಾಜಶಾಸ್ತ್ರದ ವಿಭಾಗ ಆರಂಭವಾದಾಗ ಗೆಡ್ಡೆಸ್ ಅದರ ಪ್ರಾಧ್ಯಾಪಕರಾದರು. 1924ರವರೆಗೆ ಆ ಹುದ್ದೆಯಲ್ಲಿದ್ದರು. ಮುಂದೆ ಭಾರತೀಯ ಸಮಾಜಶಾಸ್ತ್ರದ ಹಿರಿಯರೆನಿಸಿದ ಜಿ. ಎಸ್. ಘುರ್ಯೆ ಅವರು ಗೆಡ್ಡೆಸ್ ಅವರ ಶಿಫಾರಸಿನಿಂದ ಉನ್ನತ ವ್ಯಾಸಂಗಕ್ಕಾಗಿ ಇಂಗ್ಲೆಂಡಿಗೆ ತೆರಳಿದರು. ವಿಜ್ಞಾನಿ ಜಗದೀಶಚಂದ್ರ ಬೋಸ್ ಅವರ ಜೀವನ ಚರಿತ್ರೆಯನ್ನು ಗೆಡ್ಡೆಸ್ ಬರೆದು 1920ರಲ್ಲಿ ಪ್ರಕಟಿಸಿದರು. ರವೀಂದ್ರನಾಥ ಠಾಕೂರರೊಂದಿಗೂ ಅವರಿಗೆ ಸ್ನೇಹ ಮತ್ತು ಪತ್ರವ್ಯವಹಾರವಿತ್ತು. ಕಿರಿಯ ಮಗ ಆರ್ಥರ್ ಠಾಕೂರರ ಶ್ರೀನಿಕೇತನದಲ್ಲಿ ಕೆಲಸ ಮಾಡಿದರು.

ಕೊನೆಯ ದಿನಗಳು

1924ರಲ್ಲಿ ಅನಾರೋಗ್ಯದ ಕಾರಣ ಭಾರತವನ್ನು ಬಿಟ್ಟು ದಕ್ಷಿಣ ಫ್ರಾನ್ಸಿನ ಮಾಂಪೆಲಿಯೇ ನಗರದಲ್ಲಿ ನೆಲೆಸಿ, ಅಲ್ಲಿ ಕಾಲೇಜ್ ದೇ ಎಕೊಸೆ ಎಂಬ ಅಂತಾರಾಷ್ಟ್ರೀಯ ವಿದ್ಯಾಸಂಸ್ಥೆಯನ್ನು ಕಟ್ಟತೊಡಗಿದರು. 1925ರಲ್ಲಿ ಟೆಲ್ ಅವೀವ್ ನಗರಕ್ಕೆ ಯೋಜನೆ ಸಿದ್ಧಪಡಿಸಿದರು. ಮನೆಗಳ ಗುಂಪುಗಳ ನಡುವೆ ಚಿಕ್ಕ ಉದ್ಯಾನಗಳಿರುವ ಈ ಯೋಜನೆ ಅವರ ಯೋಜನೆಗಳಲ್ಲಿ ಹೆಚ್ಚಿನ ಮಟ್ಟಿಗೆ ಕಾರ್ಯರೂಪಕ್ಕೆ ಬಂದದ್ದು. 1932ರಲ್ಲಿ ಬ್ರಿಟಿಷ್ ಸರ್ಕಾರ ಅವರಿಗೆ ಸರ್ ಪದವಿ ನೀಡಿತು. ಅದೇ ವರ್ಷ ಏಪ್ರಿಲ್ 17ರಂದು ಮಾಂಪೆಲಿಯೇಯಲ್ಲಿ ನಿಧನರಾದರು.

ವಿಮರ್ಶೆ ಮತ್ತು ಪ್ರಭಾವ

ಗೆಡ್ಡೆಸ್ ಅವರ ಭಾರತೀಯ ವರದಿಗಳಲ್ಲಿ ಬಹುಪಾಲು ಕಡತಗಳಲ್ಲೇ ಉಳಿದವು. ಅವರ ಬರವಣಿಗೆ ಜಟಿಲವಾಗಿತ್ತು. ಒಂದು ಕೆಲಸ ಮುಗಿಯುವ ಮುನ್ನವೇ ಮತ್ತೊಂದಕ್ಕೆ ಕೈಹಾಕುವ ಸ್ವಭಾವವೂ ಅವರದಾಗಿತ್ತು. ಓಣಿಯಿಂದ ಓಣಿಗೆ ನಡೆದು, ಮನೆಯಿಂದ ಮನೆಗೆ ಪರಿಶೀಲಿಸುವ ವಿಧಾನಕ್ಕೆ ಬೇಕಾದ ತಾಳ್ಮೆ ಪುರಸಭೆಗಳಿಗೂ ಎಂಜಿನಿಯರುಗಳಿಗೂ ಇರಲಿಲ್ಲ. ನಕ್ಷೆಯ ಮೇಲೆ ನೇರ ಗೆರೆ ಎಳೆಯುವುದು ಅದಕ್ಕಿಂತ ಸುಲಭವಾಗಿತ್ತು. ಗವರ್ನರುಗಳು ಮತ್ತು ಸಂಸ್ಥಾನಗಳ ಆಶ್ರಯದಲ್ಲಿ ಕೆಲಸ ಮಾಡಿದ್ದರಿಂದ ಅವರ ಸಲಹೆಗಳು ಜಾರಿಯಾಗುವುದು ಆಳುವವರ ಇಚ್ಛೆಯನ್ನೇ ಅವಲಂಬಿಸಿತ್ತು.

ಆದರೂ ಅವರ ವಿಚಾರಗಳು ಶಿಷ್ಯರ ಮೂಲಕ ಹರಡಿದವು. ಅಮೆರಿಕದ ಚಿಂತಕ ಲೂಯಿಸ್ ಮಮ್‌ಫರ್ಡ್ ಅವರನ್ನು ಗುರುವೆಂದು ಗೌರವಿಸಿ ತಮ್ಮ ಮಗನಿಗೆ ಗೆಡ್ಡೆಸ್ ಎಂದು ಹೆಸರಿಟ್ಟರು. 1947ರಲ್ಲಿ ಜಾಕ್ಲೀನ್ ಟರ್ವಿಟ್ ಅವರು ಭಾರತೀಯ ವರದಿಗಳ ಆಯ್ದ ಭಾಗಗಳನ್ನು ಪುಸ್ತಕವಾಗಿ ಸಂಪಾದಿಸಿದರು. ಎಡಿನ್‌ಬರೋದ ಹಳೆಯ ಮತ್ತು ಹೊಸ ಪಟ್ಟಣಗಳು 1995ರಲ್ಲಿ, ಟೆಲ್ ಅವೀವ್‌ನ ಶ್ವೇತ ನಗರ 2003ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಯೋಜನೆಗೆ ಮುನ್ನ ಸಮೀಕ್ಷೆ ನಡೆಸುವುದು, ಕೆರೆಗಳನ್ನು ಉಳಿಸುವುದು, ಕೊಳೆಗೇರಿಯ ನಿವಾಸಿಗಳನ್ನು ದೂರಕ್ಕೆ ಕಳುಹಿಸದೆ ಇದ್ದಲ್ಲಿಯೇ ವಸತಿಯನ್ನು ಉತ್ತಮಪಡಿಸುವುದು ಇವೆಲ್ಲ ಇಂದಿನ ನಗರ ಯೋಜನೆಯ ಚರ್ಚೆಗಳಲ್ಲಿ ಮುಖ್ಯ ವಿಷಯಗಳಾಗಿವೆ. ಇವುಗಳನ್ನು ಗೆಡ್ಡೆಸ್ ಭಾರತದ ಬೀದಿಗಳಲ್ಲಿ ನಡೆದು ನೋಡಿ ಶತಮಾನದ ಹಿಂದೆಯೇ ದಾಖಲಿಸಿದ್ದರು.