ತಂದೆಯನ್ನು ಗುರುವೆಂದು ನಮಿಸಿದ ಮಗ

ಮಧ್ವನವಮಿಯ ದಿನಗಳಲ್ಲಿ ನಾವು ಶ್ರೀಸುಮಧ್ವವಿಜಯದ ಪಾರಾಯಣ ಮಾಡುತ್ತೇವೆ. ವಾಯುದೇವರಿಗೆ ಮಧ್ವಭಿಷೇಕ ನಡೆಯುವಾಗ ವಾಯುಸ್ತುತಿಯನ್ನು ಪಠಿಸುತ್ತೇವೆ. ಇವುಗಳಲ್ಲಿ ಮೊದಲನೆಯದು ಮಗನ ಕೃತಿ, ಎರಡನೆಯದು ತಂದೆಯ ಕೃತಿ. ಆ ತಂದೆಯೇ ಶ್ರೀ ತ್ರಿವಿಕ್ರಮ ಪಂಡಿತಾಚಾರ್ಯರು; ಮಗ ಶ್ರೀ ನಾರಾಯಣ ಪಂಡಿತಾಚಾರ್ಯರು.

13ನೆಯ ಶತಮಾನದಲ್ಲಿ, ಇಂದಿನ ಕಾಸರಗೋಡು ಸೀಮೆಯಲ್ಲಿ, ಲಿಕುಚ ವಂಶದ ಸುಬ್ರಹ್ಮಣ್ಯ ಪಂಡಿತರ ಪುತ್ರರಾಗಿ ತ್ರಿವಿಕ್ರಮರು ಜನಿಸಿದರು. ಈ ವಂಶವನ್ನೇ ತುಳುನಾಡಿನವರು ಪೆಜತ್ತಾಯರೆಂದು ಕರೆಯುವರು. ತೊದಲು ನುಡಿಯುವ ವಯಸ್ಸಿನಲ್ಲಿಯೇ ಅವರಲ್ಲಿ ಕವಿತಾಶಕ್ತಿ ಮೂಡಿತೆಂದು ಪ್ರಸಿದ್ಧಿಯುಂಟು. ಉಷಾಹರಣವೆಂಬ ಕಾವ್ಯದಿಂದ ಕವಿಗಳಲ್ಲಿಯೂ, ಅದ್ವೈತಶಾಸ್ತ್ರದ ವ್ಯಾಸಂಗದಿಂದ ಪಂಡಿತರಲ್ಲಿಯೂ ಅವರು ಅಗ್ರಗಣ್ಯರೆನಿಸಿದರು. ಆದರೂ ತಾವು ಕಲಿತ ಶಾಸ್ತ್ರದಲ್ಲಿ ಅವರ ಮನಸ್ಸಿಗೆ ಪೂರ್ಣ ತೃಪ್ತಿಯುಂಟಾಗಿರಲಿಲ್ಲ.

ಶ್ರೀಮದಾಚಾರ್ಯರ ಗ್ರಂಥಭಂಡಾರವು ವಿರೋಧಿಗಳಿಂದ ಅಪಹೃತವಾದ ಪ್ರಸಂಗ ಸಜ್ಜನರಿಗೆ ತಿಳಿದದ್ದೇ. ಆ ಭಂಡಾರದ ರಕ್ಷಣೆಯ ಹೊಣೆ ತ್ರಿವಿಕ್ರಮರ ತಮ್ಮಂದಿರಾದ ಶಂಕರ ಪಂಡಿತಾಚಾರ್ಯರದು. ಕುಂಬಳೆಯ ಅರಸ ಜಯಸಿಂಹನು ಗ್ರಂಥಗಳನ್ನು ಮರಳಿ ಒಪ್ಪಿಸಲು ಶ್ರೀಮದಾಚಾರ್ಯರನ್ನು ವಿಷ್ಣುಮಂಗಲಕ್ಕೆ ಬರಮಾಡಿಕೊಂಡನು. ಅಲ್ಲಿಯೇ ತ್ರಿವಿಕ್ರಮರಿಗೆ ಆಚಾರ್ಯರ ದರ್ಶನವಾಯಿತು. ಬಳಿಕ ಇಬ್ಬರ ನಡುವೆ ದೀರ್ಘವಾದ ವಾದ ನಡೆಯಿತು. ಅದು ಹದಿನೈದು ದಿನ ಸಾಗಿತೆಂದು ಸಂಪ್ರದಾಯ. ಕೊನೆಯಲ್ಲಿ ಉತ್ತರ ತೋರದೆ ತ್ರಿವಿಕ್ರಮರು ಆಚಾರ್ಯರ ಪಾದಗಳಿಗೆರಗಿ ಶಿಷ್ಯತ್ವವನ್ನು ಬೇಡಿದರು.

ಶಿಷ್ಯರಾದ ಮೇಲೆ ಬ್ರಹ್ಮಸೂತ್ರಭಾಷ್ಯಕ್ಕೆ ಟೀಕೆ ಬರೆಯುವಂತೆ ಗುರುಗಳ ಅಪ್ಪಣೆಯಾಯಿತು. ತತ್ತ್ವಪ್ರದೀಪವು ಹುಟ್ಟಿದ್ದು ಹೀಗೆ. ಭಾಷ್ಯದ ಗಾಂಭೀರ್ಯವನ್ನು ಅರಿತ ಅವರು, ಮಂದಮತಿಗಳಾದ ನಮ್ಮಂತಹವರಿಗಾಗಿ ಯುಕ್ತಿಗಳನ್ನು ವಿಸ್ತರಿಸುವ ಇನ್ನೊಂದು ಗ್ರಂಥವನ್ನು ಅನುಗ್ರಹಿಸಬೇಕೆಂದು ಗುರುಗಳಲ್ಲಿ ಪ್ರಾರ್ಥಿಸಿದರು. ಆಚಾರ್ಯರು ನಾಲ್ವರು ಶಿಷ್ಯರಿಗೆ ನಾಲ್ಕು ಅಧ್ಯಾಯಗಳನ್ನು ಏಕಕಾಲದಲ್ಲಿ ಹೇಳಿ ಬರೆಯಿಸಿದ ಅನುವ್ಯಾಖ್ಯಾನವೇ ಆ ಪ್ರಾರ್ಥನೆಯ ಫಲ. ಮುಂದೆ ಶ್ರೀ ಜಯತೀರ್ಥರು ಅದಕ್ಕೆ ನ್ಯಾಯಸುಧೆಯೆಂಬ ಟೀಕೆಯನ್ನು ರಚಿಸಿದರು. ಇಂದು ಸುಧಾಪಾಠ ಕೇಳುವ ವಿದ್ಯಾರ್ಥಿಯು ತ್ರಿವಿಕ್ರಮರ ಆ ಪ್ರಾರ್ಥನೆಗೂ ಋಣಿಯಾಗಿದ್ದಾನೆ.

ಇಂತಹ ತಂದೆಯ ಮಗನಾದ ನಾರಾಯಣ ಪಂಡಿತಾಚಾರ್ಯರು ಹದಿನಾರು ಸರ್ಗಗಳ ಮಹಾಕಾವ್ಯವನ್ನು ರಚಿಸಿದರು. ಅದರ ಆರಂಭದಲ್ಲಿ ಶ್ರೀಹರಿವಾಯುಗಳಿಗೆ ನಮಿಸಿದ ಬಳಿಕ ತಂದೆಯನ್ನು ಸ್ಮರಿಸುತ್ತಾರೆ. ಅಲ್ಲಿ ತಂದೆಯೆಂಬ ಮಾತಿಲ್ಲ, ಗುರುಗಳೆಂಬ ಮಾತಿದೆ. ತಂದೆಯ ಮುಖವನ್ನು ಚಂದ್ರನಿಗೂ, ತತ್ತ್ವಪ್ರದೀಪದ ನುಡಿಗಳನ್ನು ಕತ್ತಲೆ ಕಳೆಯುವ ಕಿರಣಗಳಿಗೂ ಅಲ್ಲಿ ಹೋಲಿಸಿದ್ದಾರೆ. ದೇಹಸಂಬಂಧಕ್ಕಿಂತ ಜ್ಞಾನಸಂಬಂಧವೇ ಹಿರಿದೆಂಬ ಭಾವ ಆ ಒಂದು ಪದದಿಂದಲೇ ನಮಗೆ ತಿಳಿಯುತ್ತದೆ.

ಇನ್ನೊಂದು ವಿಷಯವನ್ನು ನಾವು ಗಮನಿಸಬೇಕು. ಲೋಕದಲ್ಲಿ ಮಕ್ಕಳು ತಂದೆಯ ಗೆಲುವನ್ನು ಹೇಳಿಕೊಳ್ಳುವರು, ಸೋಲನ್ನು ಮುಚ್ಚಿಡುವರು. ನಾರಾಯಣ ಪಂಡಿತಾಚಾರ್ಯರಾದರೋ ತಂದೆಯ ಪಾಂಡಿತ್ಯವನ್ನು ಹದಿಮೂರನೆಯ ಸರ್ಗದಲ್ಲಿ ವರ್ಣಿಸಿ, ಹದಿನೈದನೆಯ ಸರ್ಗದಲ್ಲಿ ಅವರು ವಾದದಲ್ಲಿ ಸೋತುದನ್ನು ಸ್ವಲ್ಪವೂ ಮರೆಮಾಚದೆ ನಿರೂಪಿಸಿದ್ದಾರೆ. ಆ ಪರಾಜಯದಿಂದಲೇ ತಮ್ಮ ಕುಲಕ್ಕೆ ತತ್ತ್ವಜ್ಞಾನ ಲಭಿಸಿತೆಂಬ ಅರಿವು ಅವರಿಗಿತ್ತು. ತಂದೆಯು ಆ ದಿನ ಅಭಿಮಾನವನ್ನು ಬಿಡದೆ ಹೋಗಿದ್ದರೆ ಇತ್ತ ತತ್ತ್ವಪ್ರದೀಪವೂ ಇರುತ್ತಿರಲಿಲ್ಲ, ಅತ್ತ ಸುಮಧ್ವವಿಜಯವೂ ಇರುತ್ತಿರಲಿಲ್ಲ. ಆದುದರಿಂದ ಮಗನಿಗೆ ಅದು ನಾಚಿಕೆಯ ಸಂಗತಿಯಾಗದೆ ಕೃತಜ್ಞತೆಯ ಕಾರಣವಾಯಿತು.

ನಮ್ಮ ಮನೆಗಳಲ್ಲಿಯೂ ನಾವು ಪಿತೃಗಳಿಗೆ ಶ್ರಾದ್ಧ ತರ್ಪಣಾದಿಗಳನ್ನು ಸಲ್ಲಿಸುತ್ತೇವೆ. ಅದು ಕರ್ತವ್ಯವೇ ಸರಿ. ಅದರೊಡನೆ, ನಮಗೆ ಮೊದಲ ಸ್ತೋತ್ರವನ್ನು ಬಾಯಿಪಾಠ ಮಾಡಿಸಿದವರು, ಸಂಧ್ಯಾವಂದನೆಯ ಕ್ರಮವನ್ನು ತಿದ್ದಿದವರು, ತಮಗೆ ತಿಳಿಯದುದನ್ನು ತಿಳಿದವರ ಬಳಿ ಕೇಳಲು ಹಿಂಜರಿಯದೆ ನಮಗೂ ಆ ವಿನಯವನ್ನು ಕಲಿಸಿದವರು ಯಾರೆಂಬುದನ್ನು ಸ್ಮರಿಸಿದರೆ, ತಂದೆತಾಯಿಗಳಲ್ಲಿ ಗುರುಗಳ ದರ್ಶನ ನಮಗೂ ಆಗುವುದು. ತಾವು ಪಡೆದುದನ್ನು ಮುಂದಿನವರಿಗೆ ಒಪ್ಪಿಸುವುದರಿಂದಲೇ ಆ ಋಣ ಕಿಂಚಿತ್ತಾದರೂ ತೀರುವುದು. ಈ ಬಾರಿ ಪಾರಾಯಣಕ್ಕೆ ಕುಳಿತಾಗ, ಆ ತಂದೆ ಮಕ್ಕಳಿಬ್ಬರಿಗೂ ನಮಸ್ಕರಿಸಿ ಗ್ರಂಥವನ್ನು ತೆರೆಯೋಣ.

ಶ್ರೀಕೃಷ್ಣಾರ್ಪಣಮಸ್ತು.