ರೀಲು ಉಳಿಯಲಿಲ್ಲ, ಕಮಲಾದೇವಿ ಉಳಿದರು

1931ರಲ್ಲಿ ತೆರೆಕಂಡ ಮೂಕಿ ಚಿತ್ರ ‘ವಸಂತಸೇನಾ’ ಶೂದ್ರಕನ ‘ಮೃಚ್ಛಕಟಿಕ’ ನಾಟಕವನ್ನು ಆಧರಿಸಿದ್ದು. ನಿರ್ದೇಶಕರು ಮೋಹನ್ ಭವನಾನಿ. ನಮ್ಮ ಟಿ.ಪಿ. ಕೈಲಾಸಂ ಅವರೂ ಅದರಲ್ಲಿ ನಟಿಸಿದ್ದರು, ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯರೂ. ಎಷ್ಟು ಹುಡುಕಿದರೂ ಆ ಚಿತ್ರದ ಒಂದು ತುಣುಕೂ ನನಗೆ ಸಿಗಲಿಲ್ಲ.

ಕಮಲಾದೇವಿ ಹುಟ್ಟಿದ್ದು 1903ರಲ್ಲಿ. ಏಳರ ವಯಸ್ಸಿಗೆ ತಂದೆ ತೀರಿಕೊಂಡರು. ಉಯಿಲು ಇರಲಿಲ್ಲ, ಆಸ್ತಿ ತಾಯಿಯ ಕೈಗೆ ಬರಲಿಲ್ಲ. ಹದಿನಾಲ್ಕಕ್ಕೆ ಮದುವೆ, ಎರಡು ವರ್ಷಕ್ಕೆ ವೈಧವ್ಯ. ಓದಲು ಮದರಾಸಿಗೆ ಹೋದವರು ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥರನ್ನು ಮದುವೆಯಾದರು. ವಿಧವೆಗೆ ಮರುಮದುವೆ, ಅದೂ ಬಂಗಾಳಿ ವರ! ಬಂಧುಬಳಗ ಸುಮ್ಮನಿದ್ದೀತೇ? ಗಂಡ ಹೆಂಡತಿ ಇಬ್ಬರೂ ನಾಟಕದ ಹುಚ್ಚಿನವರು.

1926ರಲ್ಲಿ ಮದರಾಸು ಶಾಸನಸಭೆಗೆ ನಿಂತು ಕೆಲವೇ ಮತಗಳಿಂದ ಸೋತರು. 1930ರಲ್ಲಿ ಮುಂಬಯಿಯಲ್ಲಿ ಉಪ್ಪು ಮಾರಿ ಜೈಲು ಸೇರಿದರು.

ಇಂಥವರು ಕ್ಯಾಮೆರಾ ಮುಂದೆ ನಿಂತದ್ದು ಸಣ್ಣ ಮಾತಲ್ಲ. 1913ರ ‘ರಾಜಾ ಹರಿಶ್ಚಂದ್ರ’ದಲ್ಲಿ ತಾರಾಮತಿಯ ಪಾತ್ರಕ್ಕೆ ಹೆಣ್ಣು ಸಿಗದೆ ಸಾಳುಂಕೆ ಎಂಬ ಗಂಡಸು ಸೀರೆ ಉಡಬೇಕಾಗಿತ್ತು. ಮರ್ಯಾದಸ್ಥ ಮನೆಯ ಹೆಣ್ಣುಮಕ್ಕಳು ಸಿನಿಮಾದ ಹೆಸರೆತ್ತಿದರೂ ಮನೆಯಲ್ಲಿ ರಂಪವಾಗುತ್ತಿದ್ದ ಕಾಲ ಅದು.

ದೇಶ ವಿಭಜನೆಯಾದಾಗ ಫರೀದಾಬಾದಿನಲ್ಲಿ ನಿರಾಶ್ರಿತರಿಗೆ ನೆಲೆ ಕಟ್ಟಿಕೊಟ್ಟರು. 1952ರಿಂದ ಕರಕುಶಲ ಮಂಡಳಿಯ ಅಧ್ಯಕ್ಷೆಯಾಗಿ ಊರೂರು ಅಲೆದು ನೇಕಾರರನ್ನು, ಕುಂಬಾರರನ್ನು ಮಾತನಾಡಿಸಿದರು. 1966ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1988ರಲ್ಲಿ ಮುಂಬಯಿಯಲ್ಲಿ ಕೊನೆಯುಸಿರೆಳೆದರು. ಸೀರೆ ಕೊಳ್ಳಲು ದೆಹಲಿಯ ಜನಪಥದ ಕಾಟೇಜ್ ಎಂಪೋರಿಯಂಗೆ ಹೋಗುವ ನಮ್ಮಲ್ಲಿ ಎಷ್ಟು ಜನಕ್ಕೆ ಅದರ ಹಿಂದೆಯೂ ಇವರ ದುಡಿಮೆ ಇದೆಯೆಂದು ಗೊತ್ತು?